ಅದೇ ಡಿಸ್ಕುಗಳನ್ನು ಎರಡು ಸಲ ಕಟ್ಟಿದ ಕಥೆ: ನಮ್ಮ ಸೆಫ್ ಅಪ್‌ಗ್ರೇಡ್

ಸೆಫ್ ಎಂದರೆ ಹಲವು ಸರ್ವರುಗಳ ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಸಂಗ್ರಹವಾಗಿ ನಡೆಸುವ ಸಾಫ್ಟ್‌ವೇರ್. ನಮ್ಮ ಸೆಫ್ ಕ್ಲಸ್ಟರನ್ನು ನಾಟಿಲಸ್ ಎಂಬ ವರ್ಷನ್‌ನಿಂದ ಪೆಸಿಫಿಕ್‌ಗೆ, ಅಲ್ಲಿಂದ ರೀಫ್‌ಗೆ ಒಯ್ದವನು ನಾನು. ಅಪ್‌ಗ್ರೇಡ್ ಎಂದು ಎಲ್ಲರೂ ಕರೆಯುವ ಕೆಲಸ, ಅಂದರೆ ಹೊಸ ವರ್ಷನ್ ಇಳಿಸಿ ಒಂದೊಂದೇ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡುವುದು, ಎರಡು ರಾತ್ರಿಯಲ್ಲಿ ಮುಗಿಯಿತು. ಅದರ ಹಿಂದುಮುಂದಿನ ಕೆಲಸಕ್ಕೆ ಐದು ತಿಂಗಳು ಬೇಕಾಯಿತು. ಅದರಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ಸುಮ್ಮನೆ ಹೋಯಿತು, ಅದೂ ನನ್ನ ಕೈಯಾರೆ. ಬರೆಯಲು ಕೂತದ್ದು ಮುಖ್ಯವಾಗಿ ಆ ತಿಂಗಳಿನ ಬಗ್ಗೆ.

ಕ್ಲಸ್ಟರ್ ದೊಡ್ಡದೇನಲ್ಲ. 9 ಸರ್ವರ್, ಪ್ರತಿಯೊಂದರಲ್ಲಿ 8 ಟಿಬಿಯ 12 ಹಾರ್ಡ್ ಡಿಸ್ಕ್, ಒಟ್ಟು 108 ಓಎಸ್‌ಡಿ, ಅಂದರೆ ಡಿಸ್ಕಿಗೊಂದರಂತೆ ಅದನ್ನು ನೋಡಿಕೊಳ್ಳುವ ಡೀಮನ್. ಡಿಸ್ಕುಗಳ ಡೇಟಾಬೇಸ್ ಭಾಗ ಮಾತ್ರ ಎನ್‌ವಿಎಂಇ ಎಂಬ ವೇಗದ ಫ್ಲ್ಯಾಶ್ ಡಿಸ್ಕಿನ ಮೇಲೆ. ಮೊದಲ 5 ಸರ್ವರ್ 2016ರಲ್ಲಿ, ಜ್ಯೂವೆಲ್ ವರ್ಷನ್ನಿನ ಕಾಲದಲ್ಲಿ ಹಾಕಿದ್ದವು. ಉಳಿದ ನಾಲ್ಕು ಆಮೇಲೆ ಸೇರಿದವು. ಹಾಗಾಗಿ ಡಿಸ್ಕಿನಲ್ಲಿ ಡೇಟಾ ಇಡುವ ಕ್ರಮ ಹಳೆಯ ಐದರಲ್ಲಿ ಫೈಲ್‌ಸ್ಟೋರ್ ಎಂಬ ಹಳೆಯದು, ಹೊಸ ನಾಲ್ಕರಲ್ಲಿ ಬ್ಲೂಸ್ಟೋರ್ ಎಂಬ ಹೊಸದು. ಡೇಟಾದ ಬಹುಪಾಲು ಆಬ್ಜೆಕ್ಟ್ ಗೇಟ್‌ವೇ ಮೂಲಕ ಬರುವ ಚಿತ್ರಗಳು ಮತ್ತು ಅವುಗಳ ಥಂಬ್‌ನೇಲ್‌ಗಳು. ಇಡುವುದು ಇರೇಶರ್ ಕೋಡಿಂಗ್ 4+2ರಲ್ಲಿ: ನಾಲ್ಕು ತುಂಡು ಡೇಟಾ, ಎರಡು ತುಂಡು ಪ್ಯಾರಿಟಿ (ಕಳೆದುಹೋದ ತುಂಡನ್ನು ಮತ್ತೆ ಲೆಕ್ಕ ಹಾಕಿ ತೆಗೆಯಲು), ಆರೂ ಬೇರೆ ಬೇರೆ ಸರ್ವರಿನಲ್ಲಿ.

ಸೆಫ್ ಗೊತ್ತಿಲ್ಲದವರಿಗೆ ಒಂದು ಮಾತು. ಇದರ ವರ್ಷನ್‌ಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಆಕ್ಟೋಪಸ್ ಬಳಗದ ಹೆಸರಿಡುತ್ತಾರೆ. ನಾಟಿಲಸ್ 14, ಆಕ್ಟೋಪಸ್ 15, ಪೆಸಿಫಿಕ್ 16, ಕ್ವಿನ್ಸಿ 17, ರೀಫ್ 18. ಒಂದು ಜಿಗಿತಕ್ಕೆ ಎರಡು ವರ್ಷನ್ ದಾಟಬಹುದು, ಅದಕ್ಕಿಂತ ಹೆಚ್ಚು ಇಲ್ಲ. 14ರಿಂದ 16, 16ರಿಂದ 18 ಎಂದು ನಮ್ಮ ದಾರಿ ತಾನಾಗಿಯೇ ಗೊತ್ತಾಯಿತು. ಹಿಂದಕ್ಕೆ ದಾರಿ ಇಲ್ಲ. ಓಎಸ್‌ಡಿಗಳೆಲ್ಲ ಹೊಸದಕ್ಕೆ ಬಂದ ಮೇಲೆ "ಇನ್ನು ಇದಕ್ಕಿಂತ ಹಳೆಯದು ಬೇಡ" ಎಂದು ಒಂದು ಕಮಾಂಡ್ ಕೊಟ್ಟೆವೆಂದರೆ ಮುಗಿಯಿತು.

ಎಲ್ಲಿ ಎಡವಿದೆ ಎಂದು ಹೇಳುತ್ತೇನೆ. ರೀಫ್‌ನಲ್ಲಿ ಫೈಲ್‌ಸ್ಟೋರ್ ಪೂರ್ತಿ ತೆಗೆದುಹಾಕಿದ್ದಾರೆ ಎಂದು ಓದಿದ್ದೆ. ಹಾಗಾದರೆ ಮೊದಲು ಫೈಲ್‌ಸ್ಟೋರ್ ಮುಗಿಸಿಬಿಡೋಣ, ಆಮೇಲೆ ನೆಮ್ಮದಿಯಿಂದ ಅಪ್‌ಗ್ರೇಡ್ ಮಾಡೋಣ ಎಂದು ಲೆಕ್ಕ ಹಾಕಿದೆ. ಕೇಳಲು ಸರಿಯಾಗಿಯೇ ಇದೆ. ಬದಲಾಯಿಸುವುದು ಎಂದರೆ ಇದ್ದಲ್ಲೇ ಬದಲಾಯಿಸುವುದಲ್ಲ: ಒಂದು ಸರ್ವರಿನ ಡೇಟಾ ಅಷ್ಟನ್ನೂ ಉಳಿದ ಎಂಟಕ್ಕೆ ಸರಿಸಬೇಕು, ಖಾಲಿಯಾದ ಡಿಸ್ಕುಗಳನ್ನು ಅಳಿಸಿ ಅದೇ ನಂಬರಿನಲ್ಲಿ ಮತ್ತೆ ಕಟ್ಟಬೇಕು, ಆಮೇಲೆ ಡೇಟಾ ವಾಪಸ್ ತುಂಬಬೇಕು. ಸರ್ವರಿಗೆ ಐದಾರು ದಿನ.

ಶುರು ಮಾಡುವ ಮೊದಲೇ ಒಂದು ತೊಡಕು. ಕ್ಲಸ್ಟರ್ ಸರಾಸರಿ ಶೇ 70 ತುಂಬಿತ್ತು. ಒಂಬತ್ತರಲ್ಲಿ ಒಂದನ್ನು ಖಾಲಿ ಮಾಡಿದರೆ ಉಳಿದವು ಶೇ 79ಕ್ಕೆ ಬಂದು ನಿಲ್ಲುತ್ತವೆ. ಶೇ 85ಕ್ಕೆ ಸೆಫ್ ಎಚ್ಚರಿಕೆ ಕೊಡುತ್ತದೆ, 90ಕ್ಕೆ ಬ್ಯಾಕ್‌ಫಿಲ್ (ಡೇಟಾವನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸರಿಸುವುದು) ನಿಲ್ಲಿಸುತ್ತದೆ, 95ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. 79 ಎಂದರೆ ಜಾಗ ಇದೆ ಎನಿಸುತ್ತದೆ, ಆದರೆ ಅದು ಸರಾಸರಿ. ನಮ್ಮಲ್ಲಿ ಒಂದು ಡಿಸ್ಕ್ ಶೇ 58ರಲ್ಲಿ ಹಾಯಾಗಿದ್ದರೆ ಇನ್ನೊಂದು 83 ದಾಟಿ ಏದುಸಿರು ಬಿಡುತ್ತಿತ್ತು. ಹಾಗಾಗಿ ಮೊದಲು ಮಾಡಿದ ಕೆಲಸವೆಂದರೆ ಡಿಸ್ಕುಗಳಿಗೆ ಡೇಟಾ ಸಮನಾಗಿ ಹಂಚುವ ಬ್ಯಾಲೆನ್ಸರನ್ನು ಅಪ್‌ಮ್ಯಾಪ್ ಮೋಡ್‌ನಲ್ಲಿ ಆನ್ ಮಾಡಿದ್ದು. ಹಳೆಯ ಲೂಮಿನಸ್ ವರ್ಷನ್‌ನಿಂದಲೂ ಇರುವ ಸೌಲಭ್ಯ ಅದು, ನಾವೇ ಮುಟ್ಟಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಎಲ್ಲ ಡಿಸ್ಕುಗಳೂ 70ರ ಎರಡು ಮೂರು ಅಂಕಿಯ ಆಚೀಚೆ ಬಂದು ಕೂತವು. ಈ ಇಡೀ ಕಥೆಯಲ್ಲಿ ಯಾವ ತಕರಾರೂ ಇಲ್ಲದೆ ಮುಗಿದ ಕೆಲಸ ಅದೊಂದೇ.

ಐದು ಸರ್ವರ್ ಮುಗಿಸಲು ತಿಂಗಳು ಹಿಡಿಯಿತು. ಫೈಲ್‌ಸ್ಟೋರ್ ಸೊನ್ನೆ. ಬೀಗುತ್ತಾ ಪೆಸಿಫಿಕ್‌ನ ಬಿಡುಗಡೆ ಟಿಪ್ಪಣಿಯನ್ನು ಎರಡನೇ ಸಲ, ಈ ಸಲ ನಿಧಾನವಾಗಿ, ಓದಿದೆ. ಅಲ್ಲೊಂದು ಸಾಲು: ಹಾರ್ಡ್ ಡಿಸ್ಕಿಗೆ ಬ್ಲೂಸ್ಟೋರ್ ಹಂಚುವ ಕನಿಷ್ಠ ಅಳತೆ 64 ಕೆಬಿಯಿಂದ 4 ಕೆಬಿಗೆ ಇಳಿದಿದೆ. ಹೊಸದಾಗಿ ಕಟ್ಟಿದ ಓಎಸ್‌ಡಿಗಳಿಗೆ ಮಾತ್ರ.

ಆ "ಮಾತ್ರ"ದ ಬೆಲೆ ಎಷ್ಟೆಂದು ಒಂದು ಥಂಬ್‌ನೇಲ್ ಇಟ್ಟುಕೊಂಡು ನೋಡೋಣ. 10 ಕೆಬಿಯ ಚಿತ್ರ. 4+2ರಲ್ಲಿ ಅದು ಆರು ತುಂಡಾಗುತ್ತದೆ, ತುಂಡಿಗೆ 4 ಕೆಬಿ. ಆದರೆ 64 ಕೆಬಿಗಿಂತ ಕಡಿಮೆ ಜಾಗ ಕೊಡುವುದು ಹಳೆಯ ಓಎಸ್‌ಡಿಗೆ ಗೊತ್ತೇ ಇಲ್ಲ. ಆರು ಸಲ 64, ಅಂದರೆ 384 ಕೆಬಿ. ಪೆಸಿಫಿಕ್‌ನಲ್ಲಿ ಕಟ್ಟಿದ ಓಎಸ್‌ಡಿಯಲ್ಲಿ ಆರು ಸಲ 4, ಅಂದರೆ 24 ಕೆಬಿ. ಅದೇ ಚಿತ್ರ, ಹದಿನಾರರಲ್ಲಿ ಒಂದು ಪಾಲು ಜಾಗ. ಶೇ 70 ತುಂಬಿದ್ದರಲ್ಲಿ ಎಷ್ಟು ನಿಜವಾದ ಡೇಟಾ, ಎಷ್ಟು ಬರೀ ಗಾಳಿ ಎಂಬ ನಮ್ಮ ಹಳೆಯ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಈ ಅಳತೆಯನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ. ಡಿಸ್ಕ್ ಕಟ್ಟುವ ಹೊತ್ತಿಗೆ ಏನಿತ್ತೋ ಅದೇ ಕೊನೆಯವರೆಗೆ. ನಾನು ಹಿಂದಿನ ತಿಂಗಳು ಕಟ್ಟಿದ 60 ಓಎಸ್‌ಡಿಗಳೂ ನಾಟಿಲಸ್‌ನಲ್ಲಿ, 64 ಕೆಬಿಯಲ್ಲಿ ಕಟ್ಟಿದವು. ಫೈಲ್‌ಸ್ಟೋರ್ ತೆಗೆದದ್ದು ರೀಫ್‌ನಲ್ಲಿ. ಪೆಸಿಫಿಕ್‌ನಲ್ಲಿ ಅದು ಇನ್ನೂ ಓಡುತ್ತಿತ್ತು. ಮೊದಲು ಪೆಸಿಫಿಕ್‌ಗೆ ಹೋಗಿ, ಅಲ್ಲಿ ನಿಂತು ಡಿಸ್ಕ್ ಕಟ್ಟಿದ್ದರೆ ಆ ಐದು ಸರ್ವರಿಗೆ ಒಂದೇ ಸಲದ ಕೆಲಸ. ಆ ದಿನ ಸಂಜೆ ಯಾರೊಂದಿಗೂ ಮಾತಾಡಲಿಲ್ಲ. ಮರುದಿನ ಮ್ಯಾನೇಜರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಈ ಸಲ ಖಾತ್ರಿನಾ?"

ಪೆಸಿಫಿಕ್ ಜಿಗಿತಕ್ಕೆ ಮುಂಚೆ ಇನ್ನೂ ಕೆಲವು ಸಣ್ಣ ಕೆಲಸಗಳಿದ್ದವು. ಸೆಫ್‌ನ ಫೈಲ್ ಸಿಸ್ಟಮ್ ಆದ ಸೆಫ್‌ಎಫ್‌ಎಸ್‌ನ ಮೆಟಾಡೇಟಾ ಸರ್ವರುಗಳನ್ನು ಎರಡರಿಂದ ಒಂದಕ್ಕೆ ಇಳಿಸಿದ್ದು, ಪೂಲ್‌ಗಳ ಆಟೋಸ್ಕೇಲರನ್ನು ಬರೀ ಎಚ್ಚರಿಕೆ ಕೊಡುವ ಮೋಡಿಗೆ ಹಾಕಿದ್ದು (ಅಪ್‌ಗ್ರೇಡ್ ನಡುವೆ ಅದು ತಾನಾಗಿ ಪಿಜಿಗಳನ್ನು, ಅಂದರೆ ಡೇಟಾ ಹಂಚುವ ಗುಂಪುಗಳನ್ನು, ಒಡೆಯಲು ಹೊರಟರೆ ಕಷ್ಟ), ಹಳೆಯ ಕ್ಲೈಂಟ್‌ಗಳನ್ನು ಹುಡುಕಿದ್ದು. 2021ರ ಭದ್ರತಾ ತಿದ್ದುಪಡಿಯ ನಂತರ, ಗ್ಲೋಬಲ್ ಐಡಿಯನ್ನು (ಕ್ಲೈಂಟಿಗೆ ಕ್ಲಸ್ಟರ್ ಕೊಡುವ ಗುರುತಿನ ಸಂಖ್ಯೆ) ಹಳೆಯ ರೀತಿಯಲ್ಲಿ ವಾಪಸ್ ಪಡೆಯುವ ಕ್ಲೈಂಟ್‌ಗಳ ಬಗ್ಗೆ ಸೆಫ್ ಎಚ್ಚರಿಕೆ ಕೊಡುತ್ತಿರುತ್ತದೆ. ಅದನ್ನು ತಿಂಗಳುಗಟ್ಟಲೆ ಮ್ಯೂಟ್ ಮಾಡಿಟ್ಟಿದ್ದೆವು. ತೆಗೆದು ನೋಡಿದರೆ ಎಲ್ಲೋ ಒಂದು ಬ್ಯಾಕಪ್ ಯಂತ್ರ, ಅದರ ಯಜಮಾನರು ಯಾರೆಂದು ಯಾರಿಗೂ ನೆನಪಿಲ್ಲ.

ಕ್ಲಸ್ಟರಿನ ಸ್ಥಿತಿಯ ಲೆಕ್ಕ ಇಡುವ ಮಾನಿಟರ್‌ಗಳ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದನ್ನು ಬಹಳ ಜನ ಮರೆಯುತ್ತಾರೆ. ಕ್ವಿನ್ಸಿಯಿಂದ ಈಚೆಗೆ ಅವುಗಳ ಹಳೆಯ ಡೇಟಾಬೇಸ್ ಆದ ಲೆವೆಲ್‌ಡಿಬಿ ಇಲ್ಲ, ರಾಕ್ಸ್‌ಡಿಬಿ ಬೇಕು. ಜ್ಯೂವೆಲ್ ಕಾಲದ ಮಾನಿಟರ್ ಆಗಿದ್ದರೆ ಅದರ ಹೊಟ್ಟೆಯಲ್ಲಿ ಲೆವೆಲ್‌ಡಿಬಿಯೇ ಇರುವ ಸಾಧ್ಯತೆ ಹೆಚ್ಚು, ಎಷ್ಟು ಅಪ್‌ಗ್ರೇಡ್ ಮಾಡಿದ್ದರೂ ಅದು ತಾನಾಗಿ ಬದಲಾಗುವುದಿಲ್ಲ. ಮಾನಿಟರಿನ ಡೈರೆಕ್ಟರಿಯಲ್ಲಿ ಕೆವಿ ಬ್ಯಾಕೆಂಡ್ ಎಂಬ ಹೆಸರಿನ ಪುಟ್ಟ ಫೈಲ್ ಇರುತ್ತದೆ. ಒಳಗೆ ಒಂದೇ ಪದ. ನಮ್ಮ ಮೂರರಲ್ಲಿ ಎರಡು ಲೆವೆಲ್‌ಡಿಬಿ, ಎಂದೋ ಡಿಸ್ಕ್ ಹೋಗಿ ಹೊಸದಾಗಿ ಹಾಕಿದ್ದ ಮೂರನೆಯದು ಮಾತ್ರ ರಾಕ್ಸ್‌ಡಿಬಿ. ಒಂದನ್ನು ತೆಗೆದು, ಹೊಸದಾಗಿ ಹಾಕಿ, ಸಿಂಕ್ ಆಗುವವರೆಗೆ ಕಾದು, ಆಮೇಲೆ ಇನ್ನೊಂದು. ತೆಗೆದ ಮೇಲೆ ಉಳಿಯುವುದು ಎರಡೇ ಮಾನಿಟರ್, ಬಹುಮತಕ್ಕೆ ಎರಡೂ ಬೇಕು. ಆ ಕೆಲವು ನಿಮಿಷ ಡೇಟಾ ಸೆಂಟರಿನಲ್ಲಿ ಯಾರೂ ಯಾವ ಕೇಬಲ್ಲನ್ನೂ ಮುಟ್ಟದಿರಲಿ ಎಂದು ಬೇಡಿಕೊಳ್ಳುತ್ತಾ ಕೂತಿದ್ದೆ.

ಪೆಸಿಫಿಕ್ ರಾತ್ರಿ ಸಪ್ಪೆಯಾಗಿಯೇ ಕಳೆಯಿತು, ಪುಣ್ಯ. ನಾನು ಯಾವ ವರ್ಷನ್ನಿನ ಮೊದಲ ಬಿಡುಗಡೆಗೂ ಹೋಗುವವನಲ್ಲ. 2021ರ ಕೊನೆಯಲ್ಲಿ ಹಳೆಯ ವರ್ಷನ್‌ನಿಂದ ಪೆಸಿಫಿಕ್‌ಗೆ ಬಂದವರಿಗೆ ಓಮ್ಯಾಪ್ (ಆಬ್ಜೆಕ್ಟ್ ಜೊತೆಗಿಡುವ ಕೀ-ವ್ಯಾಲ್ಯೂ ಮಾಹಿತಿ) ರೂಪ ಬದಲಾಯಿಸುವಾಗ ಡೇಟಾ ಕೆಡುವ ದೋಷ ಸಿಕ್ಕಿತ್ತು, ಅಪ್‌ಗ್ರೇಡ್ ಮಾಡಬೇಡಿ ಎಂದು ಸೆಫ್ ತಂಡವೇ ಹೇಳಬೇಕಾಯಿತು, ಸರಿಹೋದದ್ದು 16.2.7ರಲ್ಲಿ. ನಾವು ಹೋದದ್ದು ಪೆಸಿಫಿಕ್‌ನ ಕೊನೆಯ ಕಂತಾದ 16.2.15ಕ್ಕೆ. ಆದರೂ ಓಎಸ್‌ಡಿ ಏಳುವಾಗ ಆ ಬದಲಾವಣೆ ತಾನಾಗಿ ನಡೆಯದಂತೆ ಸೆಟ್ಟಿಂಗ್ ಆಫ್ ಎಂದು ಕೈಯಾರೆ ಬರೆದಿಟ್ಟೆ. ದೋಷದ ಭಯಕ್ಕಿಂತ ಸಮಯದ ಭಯ: ಬಕೆಟ್ ಇಂಡೆಕ್ಸ್ (ಯಾವ ಬಕೆಟ್‌ನಲ್ಲಿ ಯಾವ ಆಬ್ಜೆಕ್ಟ್ ಇದೆ ಎಂಬ ಪಟ್ಟಿ) ಇರುವ ಡಿಸ್ಕುಗಳಲ್ಲಿ ಅದು ಗಂಟೆಗಟ್ಟಲೆ ಎಳೆಯುತ್ತದೆ. ಹೇಗಿದ್ದರೂ ಡಿಸ್ಕುಗಳನ್ನೇ ಮತ್ತೆ ಕಟ್ಟುವವನಿಗೆ ಅದರ ಅಗತ್ಯವೂ ಇರಲಿಲ್ಲ.

ನಂತರ ಎಲ್ಲವನ್ನೂ ಸೆಫ್ ನಡೆಸುವ ಉಪಕರಣವಾದ ಸೆಫ್‌ಆಡ್ಮ್ ಕೈಗೆ ಕೊಟ್ಟೆವು, ಅಂದರೆ ಡೀಮನ್‌ಗಳೆಲ್ಲ ಕಂಟೈನರ್ ಒಳಗೆ. ಇದರ ಬಗ್ಗೆ ನನಗೆ ಈಗಲೂ ಎರಡು ಮನಸ್ಸು. ಒಂದು ಕಡೆ ರೀಫ್ ಅಪ್‌ಗ್ರೇಡ್ ಒಂದೇ ಕಮಾಂಡ್ ಆಯಿತು. ಮೊದಲು ಮ್ಯಾನೇಜರ್ ಡೀಮನ್, ಆಮೇಲೆ ಮಾನಿಟರ್, ಆಮೇಲೆ ಓಎಸ್‌ಡಿ ಎಂದು ಅದೇ ಸಾಲು ಹಿಡಿದು, "ಇದನ್ನು ನಿಲ್ಲಿಸಿದರೆ ಡೇಟಾಗೆ ತೊಂದರೆ ಇಲ್ಲವಷ್ಟೆ" ಎಂದು ಪ್ರತಿ ಸಲ ಕೇಳಿಕೊಂಡು ಮುಂದೆ ಹೋಗುತ್ತದೆ. ಇನ್ನೊಂದು ಕಡೆ ಪ್ರತಿ ಸರ್ವಿಸಿನ ಹೆಸರಿನಲ್ಲೂ ಕ್ಲಸ್ಟರಿನ 36 ಅಕ್ಷರಗಳ ಐಡಿ ಬಂದು ಸೇರಿದೆ. ಲಾಗ್ ಇರುತ್ತಿದ್ದ ಜಾಗದಲ್ಲಿ ಲಾಗ್ ಇಲ್ಲ, ಜರ್ನಲ್‌ನಲ್ಲಿದೆ. ಎಂಟು ವರ್ಷದಿಂದ ಬೆರಳಿಗೆ ಅಂಟಿದ್ದ ಕಮಾಂಡ್‌ಗಳೆಲ್ಲ ಒಂದೇ ದಿನದಲ್ಲಿ ಸುಳ್ಳಾದವು.

ರೀಫ್ 18.2.4ಕ್ಕೆ ಬಂದ ಮೇಲೆ ಎರಡನೇ ಸುತ್ತು ಶುರು. ಈ ಸಲ ಒಂಬತ್ತೂ ಸರ್ವರ್. ಮೊದಲನೆಯದನ್ನು ಖಾಲಿ ಮಾಡಲು ಬಿಟ್ಟೆ. ಹಿಂದಿನ ಸುತ್ತಿನಲ್ಲಿ ಸೆಕೆಂಡಿಗೆ 400 ಎಂಬಿ ಹತ್ತಿರ ಓಡುತ್ತಿದ್ದದ್ದು ಈಗ 90ರಲ್ಲಿ ತೆವಳುತ್ತಿದೆ. ಸರಿ, ಗೊತ್ತಿರುವ ಮದ್ದೇ: ಒಂದು ಓಎಸ್‌ಡಿ ಏಕಕಾಲಕ್ಕೆ ಎಷ್ಟು ಬ್ಯಾಕ್‌ಫಿಲ್ ಮಾಡಬಹುದು ಎಂಬ ಮಿತಿಯನ್ನು 4ಕ್ಕೆ ಏರಿಸಿದೆ. 90. ಎಂಟಕ್ಕೆ ಏರಿಸಿದೆ. 92. ಕಾಫಿ ಆರಿತು. ಪಕ್ಕದಲ್ಲಿ ಕೂತಿದ್ದ, ಟೀಮಿಗೆ ಸೇರಿ ಆರು ತಿಂಗಳಾಗಿದ್ದ ಹುಡುಗ ಮೆಲ್ಲಗೆ ಕೇಳಿದ:

"ಸರ್, ಆ ಸೆಟ್ಟಿಂಗ್ ಈಗ ನಡೆಯುತ್ತಾ?"

"ನಡೆಯದೆ ಏನು, ವರ್ಷಗಟ್ಟಲೆ ಇದನ್ನೇ ಮಾಡಿದ್ದೀನಿ."

"ಅಲ್ಲ ಸರ್, ಎಂಕ್ಲಾಕ್ ಇದ್ದರೆ ಅದನ್ನ ಕೇಳಲ್ಲ ಅಂತ ಓದಿದ್ದೆ."

ಅವನು ಹೇಳಿದ್ದೇ ಸರಿ. ಕ್ವಿನ್ಸಿಯಿಂದ ಓಎಸ್‌ಡಿ ಒಳಗಿನ ಸರದಿ ನಿರ್ವಹಣೆ ಎಂಕ್ಲಾಕ್ ಪಾಲಾಗಿದೆ. ಡಿಸ್ಕಿನ ತಾಕತ್ತು ಇಷ್ಟು ಐಆಪ್ಸ್ (ಸೆಕೆಂಡಿಗೆ ಎಷ್ಟು ಓದು-ಬರಹ) ಎಂದು ಇಟ್ಟುಕೊಂಡು, ಅದರಲ್ಲಿ ಕ್ಲೈಂಟಿಗೆ ಇಷ್ಟು, ರಿಕವರಿಗೆ (ಬ್ಯಾಕ್‌ಫಿಲ್‌ನಂಥ ಒಳಗಿನ ಕೆಲಸಕ್ಕೆ) ಇಷ್ಟು ಎಂದು ಪಾಲು ಹಾಕುತ್ತದೆ. ರೀಫ್‌ನಲ್ಲಿ ಹೇಳದಿದ್ದರೆ ಬ್ಯಾಲೆನ್ಸ್ಡ್ ಪ್ರೊಫೈಲ್, ಅರ್ಧ ಅರ್ಧ. ಹಳೆಯ ಮಿತಿಗಳನ್ನು ಮುಟ್ಟಬೇಕಾದರೆ "ನಾನೇ ನೋಡಿಕೊಳ್ಳುತ್ತೇನೆ" ಎನ್ನುವ ಇನ್ನೊಂದು ಸೆಟ್ಟಿಂಗನ್ನು ಮೊದಲು ಆನ್ ಮಾಡಬೇಕು. ಅಲ್ಲಿಯವರೆಗೆ ನಾನು ತಿರುಗಿಸುತ್ತಿದ್ದದ್ದು ಯಾವುದಕ್ಕೂ ಜೋಡಿಸಿರದ ತಿರುಪು. ಕ್ಲಸ್ಟರ್ ಲಾಗ್‌ನಲ್ಲಿ ಅದನ್ನು ಹೇಳುತ್ತಲೂ ಇತ್ತು, ನಾನು ನೋಡಿರಲಿಲ್ಲ.

ರಾತ್ರಿ ಹೊತ್ತಿಗೆ ರಿಕವರಿಗೆ ಶೇ 70 ಕೊಡುವ ಪ್ರೊಫೈಲಿಗೆ ಬದಲಾಯಿಸಿದೆವು. ವೇಗ ಏರಿತು, ಆದರೆ ಸಮನಾಗಿ ಅಲ್ಲ. ಕೆಲವು ಪಿಜಿಗಳು ಅಲುಗಲೇ ಇಲ್ಲ. ಎಂಕ್ಲಾಕ್‌ಗೆ ಡಿಸ್ಕಿನ ತಾಕತ್ತು ಹೇಗೆ ಗೊತ್ತು ಎಂಬ ಪ್ರಶ್ನೆ ಹೊಳೆದದ್ದು ಆಗ. ಓಎಸ್‌ಡಿ ಏಳುವಾಗ ತಾನೇ ಒಂದು ಸಣ್ಣ ಬೆಂಚ್ ಓಡಿಸಿ, ಬಂದ ಅಂಕಿಯನ್ನು ಕ್ಲಸ್ಟರಿನ ಕಾನ್ಫಿಗ್‌ನಲ್ಲಿ ಬರೆದಿಡುತ್ತದೆ. ತೆಗೆದು ನೋಡಿದೆವು. ಬಹಳಷ್ಟು 280ರಿಂದ 320ರ ನಡುವೆ. ಏನೂ ಅಳೆಯದಿದ್ದರೆ ಹಾರ್ಡ್ ಡಿಸ್ಕಿಗೆ ಸೆಫ್ ಹಿಡಿಯುವುದು 315, ಅದಕ್ಕೆ ಹೊಂದುತ್ತದೆ. ಐದು ಡಿಸ್ಕುಗಳದ್ದು ಮಾತ್ರ 60ರ ಆಸುಪಾಸು, ಅದೇ ಮಾಡೆಲ್, ಅದೇ ವಯಸ್ಸು. ಅಪ್‌ಗ್ರೇಡ್ ರಾತ್ರಿ ಪಕ್ಕದ ಡಿಸ್ಕುಗಳೂ ಒಟ್ಟಿಗೆ ಏಳುತ್ತಿದ್ದಾಗ, ಎನ್‌ವಿಎಂಇ ಏದುಸಿರು ಬಿಡುತ್ತಿದ್ದಾಗ ಅಳೆದ ಅಂಕಿ ಅವು. ಒಮ್ಮೆ ಬರೆದದ್ದನ್ನು ಅದು ನಂಬಿಕೊಂಡೇ ಇತ್ತು. ತುಂಬಾ ಹೆಚ್ಚಿನ ಅಂಕಿ ಬಂದರೆ ಸೆಫ್‌ಗೆ ಅನುಮಾನ ಬರುತ್ತದೆ, ಹಾರ್ಡ್ ಡಿಸ್ಕ್ 500 ದಾಟಿದರೆ ಒಪ್ಪುವುದಿಲ್ಲ. ಕಡಿಮೆ ಬಂದರೆ ನಮ್ಮ ವರ್ಷನ್ನಿನಲ್ಲಿ ಸುಮ್ಮನೆ ಒಪ್ಪಿಕೊಂಡಿತ್ತು.

ಆ ಐದನ್ನೂ ಕೈಯಾರೆ, ಬಿಡುವಿನಲ್ಲಿ ಅಳೆದೆವು. ನಾಲ್ಕು 300ಕ್ಕೆ ಬಂದವು. ಐದನೆಯದು, 47ನೇ ನಂಬರಿನದು, ಮತ್ತೆ 58. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ತೆಗೆದರೆ ಪೆಂಡಿಂಗ್ ಸೆಕ್ಟರ್‌ಗಳ (ಓದಲು ತಡವರಿಸುವ ಜಾಗಗಳ) ಸಾಲು. ಎಂಕ್ಲಾಕ್ ಅದರ ವಿಷಯದಲ್ಲಿ ನಿಜ ಹೇಳುತ್ತಿತ್ತು; ಅದರ ಜೊತೆ ಉಳಿದ ನಾಲ್ಕರ ಬಗ್ಗೆ ಸುಳ್ಳು ಹೇಳಿದ್ದರಿಂದ ನಾವು ನಂಬದೇ ಹೋಗುತ್ತಿದ್ದೆವು. ಡಿಸ್ಕ್ ಬದಲಾಯಿಸಿ, ಉಳಿದವಕ್ಕೆಲ್ಲ ಒಂದೇ ಅಂಕಿಯನ್ನು ನಾವೇ ಬರೆದ ಮೇಲೆ ವೇಗ ಹಳೆಯ ಮಟ್ಟಕ್ಕೆ ಬಂತು, ಹಗಲಿನಲ್ಲಿ ಬಳಕೆದಾರರಿಂದ ದೂರೂ ಬರಲಿಲ್ಲ. ಹಿಂದಿನ ಸುತ್ತಿನಲ್ಲಿ ದಿನಕ್ಕೆ ಎರಡು ಸಲ ಮಿತಿ ಏರಿಸಿ ಇಳಿಸಿ ಕಾಯುತ್ತಿದ್ದೆ. ಈ ಸುತ್ತಿನಲ್ಲಿ ಆ ಕಾವಲು ಕೆಲಸ ಇರಲಿಲ್ಲ. ಎಂಕ್ಲಾಕ್ ಮೇಲೆ ನನಗಿದ್ದ ಸಿಟ್ಟು ಅಷ್ಟರಲ್ಲಿ ಇಳಿದಿತ್ತು.

ಓದುವ ಹೊರೆಯನ್ನು ಡಿಸ್ಕುಗಳಿಗೆ ಸಮನಾಗಿ ಹಂಚುವ ರೀಫ್‌ನ ರೀಡ್ ಬ್ಯಾಲೆನ್ಸರ್ ಬಳಸಬೇಕೆಂಬ ಆಸೆಯೂ ಇತ್ತು, ಮೆಟಾಡೇಟಾದ ರೆಪ್ಲಿಕಾ ಪೂಲ್‌ಗಳಿಗೆ. ಆದರೆ ಅದಕ್ಕೆ ಕ್ಲೈಂಟ್‌ಗಳೆಲ್ಲ ರೀಫ್ ಮಟ್ಟದವಾಗಿರಬೇಕು. ನಮ್ಮಲ್ಲಿ ಕರ್ನಲ್ ಮೂಲಕ ಮೌಂಟ್ ಮಾಡುವವು ಇನ್ನೂ ಲೂಮಿನಸ್ ಎಂದೇ ಹೇಳಿಕೊಳ್ಳುತ್ತವೆ. ಬಿಟ್ಟೆ.

ಕೊನೆಯ ಸರ್ವರ್ ತುಂಬಿ ಮುಗಿದ ದಿನ ಕ್ಲಸ್ಟರ್ ಶೇ 57ರಲ್ಲಿ ನಿಂತಿತ್ತು, ಅದೂ ಈ ನಡುವೆ ಸೇರಿದ ಹೊಸ ಡೇಟಾ ಸೇರಿಸಿ. ಹೊಸ ಸರ್ವರ್ ಖರೀದಿಯ ಕಾಗದ ಮುಂದಿನ ವರ್ಷಕ್ಕೆ ಹೋಯಿತು. ನಮಗೆ ಮುಂದಿನದು ಸ್ಕ್ವಿಡ್ ವರ್ಷನ್. ಅದರ ಬಿಡುಗಡೆ ಟಿಪ್ಪಣಿಯನ್ನು ಆ ಹುಡುಗನಿಗೇ ಕೊಟ್ಟಿದ್ದೇನೆ. "ಹೊಸದಾಗಿ ಕಟ್ಟಿದ ಓಎಸ್‌ಡಿಗಳಿಗೆ ಮಾತ್ರ" ಎಂಬ ಅರ್ಥ ಬರುವ ಸಾಲುಗಳಿಗೆಲ್ಲ ಹಳದಿ ಗೆರೆ ಎಳೆಯುತ್ತಿದ್ದಾನೆ.