ಕನ್ನಡಿಯಲ್ಲಿ ಕಾಣುವುದು ನಾನೇ ಎಂದು ಮಿದುಳಿಗೆ ಗೊತ್ತಾಗುವುದು ಹೇಗೆ? ಮನೆಯಲ್ಲೇ ಪರೀಕ್ಷಿಸಿ

ಮೈಸೂರಿನ ಯಾವ ಸ್ಟುಡಿಯೋದಲ್ಲಾದರೂ ಕುಳಿತು ನೋಡಿ, ಪಾಸ್‌ಪೋರ್ಟ್ ಫೋಟೊ ಕೈಗೆ ಬಂದೊಡನೆ ‘ಇದು ನನ್ನ ಹಾಗೇ ಇಲ್ಲ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಫೋಟೊ ತಪ್ಪಲ್ಲ. ಮಿದುಳು ಕಲಿತಿಟ್ಟುಕೊಂಡಿರುವ ಮುಖ ಬೇರೆ.

ಮೊದಲು ಗಾಜಿನ ಅಂಗಡಿಯಿಂದ ಚೌಕಟ್ಟಿಲ್ಲದ ಎರಡು ಚಿಕ್ಕ ಕನ್ನಡಿ ತನ್ನಿ. ಅಂಚು ಹರಿತವಾಗಿದ್ದರೆ ಉಜ್ಜಿಸಿಕೊಳ್ಳಿ. ಹಿಂಬದಿಗೆ ಟೇಪ್ ಅಂಟಿಸಿ, ತೆರೆದ ಪುಸ್ತಕದಂತೆ 90 ಡಿಗ್ರಿಗೆ ನಿಲ್ಲಿಸಿ. ನಡುವಿನ ಗೆರೆ ಮೂಗಿನ ನೇರಕ್ಕೆ ಬರಲಿ. ಈಗ ಕಾಣುವುದು ಜನ ದಿನವೂ ನೋಡುವ ನಿಮ್ಮ ಮುಖ, ಎಡ-ಬಲ ಅದಲುಬದಲಾಗಿಲ್ಲ. ಬೈತಲೆ ತೆಗೆಯಲು ಬಾಚಣಿಗೆ ಎತ್ತಿ. ಕೈ ಬೇಕಾದ ಕಡೆಗೆ ಹೋಗದೆ ತಡವರಿಸುತ್ತದೆ. ಕನ್ನಡಿಯ ತಿರುಗುಮುರುಗು ಮುಖಕ್ಕೂ ಕೈಯ ಚಲನೆಗೂ ಮಿದುಳು ವರ್ಷಗಟ್ಟಲೆ ಗಂಟು ಹಾಕಿಟ್ಟಿದೆ. ಅಮೆರಿಕದಲ್ಲಿ 1977ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆಚ್ಚಿನವರು ತಮ್ಮ ಕನ್ನಡಿ ರೂಪದ ಚಿತ್ರವನ್ನೇ ಮೆಚ್ಚಿದರು. ಅವರ ಆಪ್ತರು ಮೆಚ್ಚಿದ್ದು ನಿಜರೂಪದ ಚಿತ್ರವನ್ನು. ಹಾಗಾಗಿ ಫೋಟೊ ನೋಡಿ ‘ನಾನು ಚೆನ್ನಾಗಿಲ್ಲ’ ಎಂದು ಕೊರಗುವ ಮಕ್ಕಳಿಗೆ ಇದನ್ನು ಖಂಡಿತ ಮಾಡಿ ತೋರಿಸಿ.

ಮನೆಯಲ್ಲಿ ಕೂಸಿದ್ದರೆ ಎರಡನೆಯ ಪರೀಕ್ಷೆ. ದೇವರಾಜ ಮಾರುಕಟ್ಟೆಯಿಂದ ತಂದ ಕುಂಕುಮ ಹೇಗೂ ಇರುತ್ತದೆ. ಮೂಗು ಒರೆಸುವ ನೆಪದಲ್ಲಿ, ಮಗುವಿಗೆ ತಿಳಿಯದಂತೆ ಮೂಗಿನ ತುದಿಗೆ ಚೂರು ಹಚ್ಚಿ ಕನ್ನಡಿಯ ಮುಂದೆ ನಿಲ್ಲಿಸಿ. ವರ್ಷ ತುಂಬಿದ ಮಗು ಕನ್ನಡಿಯೊಳಗಿನ ‘ಇನ್ನೊಂದು ಪಾಪು’ವನ್ನು ತಟ್ಟಬಹುದು. 18ರಿಂದ 24 ತಿಂಗಳ ನಡುವೆ ಹೆಚ್ಚಿನ ಮಕ್ಕಳು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತಾರೆ. ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಗ್ಯಾಲಪ್ 1970ರಲ್ಲಿ ಚಿಂಪಾಂಜಿಗಳಿಗೆ ಬಣ್ಣ ಹಚ್ಚಿ ನೋಡಿದ್ದೂ ಇದನ್ನೇ. ನಾನು ಆಡಿದಂತೆ ಅದೂ ಆಡುತ್ತದೆ ಎಂಬ ಹೊಂದಾಣಿಕೆಯೇ ‘ನಾನು’ ಎಂಬ ಅರಿವಿಗೆ ದೊಡ್ಡ ಸುಳಿವು.

ಮೂರನೆಯದು ಸುಲಭ: ಪರಿಚಿತರ ಫೋಟೊಗಳನ್ನು ತಲೆಕೆಳಗಾಗಿ ಹಿಡಿದು ಹೆಸರು ಹೇಳಿಸಿ. ತಡವಾಗುತ್ತದೆ, ಏಕೆಂದರೆ ಕಣ್ಣು, ಮೂಗು, ಬಾಯಿಯನ್ನು ಮಿದುಳು ಬಿಡಿಬಿಡಿಯಾಗಿ ಅಲ್ಲ, ಇಡಿಯಾಗಿ ಓದುತ್ತದೆ. ಮಿದುಳಿನ ತಳಭಾಗದ ಫ್ಯೂಸಿಫಾರ್ಮ್ ಎಂಬ ಮಡಿಕೆಗೆ, ಅದರಲ್ಲೂ ಬಲಬದಿಗೆ, ಈ ಕೆಲಸದಲ್ಲಿ ಮುಖ್ಯ ಪಾಲಿದೆ. ನಮ್ಮದೇ ಮುಖ ಕಂಡಾಗ ಬಲಬದಿಯ ಮುಂಭಾಗದ ಪ್ರದೇಶಗಳೂ ಚುರುಕಾಗುತ್ತವೆ.

ಈ ಜಾಲ ಕೆಟ್ಟರೆ ಸಂಕಟ ಸಣ್ಣದಲ್ಲ. ಮರೆವಿನ ಕಾಯಿಲೆ ಬಂದ ಕೆಲವು ಹಿರಿಯರು ಕನ್ನಡಿಯಲ್ಲಿ ಯಾರೋ ಅಪರಿಚಿತರಿದ್ದಾರೆ ಎಂದು ಹೆದರುತ್ತಾರೆ. ಅವರೊಂದಿಗೆ ವಾದಿಸಬೇಡಿ, ಗದರಬೇಡಿ. ಕನ್ನಡಿಗೆ ಬಟ್ಟೆ ಮುಚ್ಚಿ, ನರರೋಗ ತಜ್ಞರ ಬಳಿ ಕರೆದೊಯ್ಯಿರಿ.