ಕ್ಯಾರವಾನೋ, ಕ್ಯಾಂಪರ್‌ವ್ಯಾನೋ? ಮೊದಲು ವೇಬ್ರಿಡ್ಜಿಗೆ ಹೋಗಿ

ಮೂಡಿಗೆರೆ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ. ಕಾಫಿ ಒಣಗಿಸುವ ಕಣ ಮನೆಗೆ ತಾಗಿಕೊಂಡೇ ಇದೆ. ಸಿಮೆಂಟು ಹಾಕಿದ ಸಮತಟ್ಟಾದ ಜಾಗ. ಕೊಯ್ಲು ಮುಗಿದು, ಕೊನೆಯ ರೊಬಸ್ಟಾ ಒಣಗಿ, ಮೂಟೆ ಎತ್ತಿದ ಮೇಲೆ ಕಣ ಖಾಲಿ. ಏಪ್ರಿಲ್, ಮೇ ತಿಂಗಳಲ್ಲಿ ನೆಂಟರು, ನೆಂಟರ ಸ್ನೇಹಿತರು ತಮ್ಮ ಗಾಡಿಗಳನ್ನು ಅಲ್ಲಿ ತಂದು ನಿಲ್ಲಿಸಿ ಒಂದೆರಡು ರಾತ್ರಿ ಮಲಗುತ್ತಾರೆ. ಹಾಗಾಗಿ ಮಲಗುವ ಗಾಡಿಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವನ್ನು ಆರಿಸುವಾಗ ಜನ ಎಡವುವುದನ್ನೂ ನೋಡಿದ್ದೇನೆ.

ಒಂದು ಬೇಸಿಗೆಯಲ್ಲಿ ಬಂದ ಕುಟುಂಬದ ನೆನಪು ಇನ್ನೂ ಹೋಗಿಲ್ಲ. ಕಾರಿನ ಹಿಂದೆ ಹೊಸ ಕ್ಯಾರವಾನ್. ಇಳಿದ ಕೂಡಲೇ ಮಕ್ಕಳ ತಾಯಿ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಹಾಸನ ದಾಟಿದ ಮೇಲೆ ಇಳಿಜಾರು ಬಂದಾಗೆಲ್ಲ ಹಿಂದಿನ ಗಾಡಿ ಬಾಲ ಆಡಿಸ್ತಿತ್ತು. ಮಕ್ಕಳು ಅಳೋಕೆ ಶುರು ಮಾಡಿದ್ರು" ಎಂದಳು. ನಮ್ಮ ಟ್ರಾಕ್ಟರ್ ಓಡಿಸುವವರು ಬಂದು ಕೊಂಡಿ ಬಿಚ್ಚಿಸಿದರು. ಕ್ಯಾರವಾನಿನ ಮೂತಿಯನ್ನು, ಅಂದರೆ ಕಾರಿಗೆ ಸಿಕ್ಕಿಸುವ ಮುಂತುದಿಯನ್ನು, ಒಂದೇ ಕೈಯಲ್ಲಿ ಎತ್ತಿದರು. ಹಗುರವಾಗಿ ಮೇಲೆ ಬಂತು. "ಹಿಂಭಾರ ಆಗಿದೆ ಸಾರ್. ಮೂಕಿ ಎತ್ತುತ್ತಾ ಇದೆ" ಎಂದರು. ಮೂಕಿ ಅಂದರೆ ಗಾಡಿಗೆ ಎತ್ತು ಕಟ್ಟುವ ಕಡೆಯ ಮುಂತುದಿ.

ಎತ್ತಿನ ಗಾಡಿ ಹೊಡೆದವರಿಗೆ ಅಷ್ಟು ಮಾತು ಸಾಕು. ಉಳಿದವರಿಗಾಗಿ ಈ ಲೇಖನ.

1. ಹೆಸರು ಸರಿ ಮಾಡಿಕೊಳ್ಳಿ

ಎಂಜಿನ್ ಇಲ್ಲದೆ ಕಾರಿನ ಹಿಂದೆ ಎಳೆದುಕೊಂಡು ಹೋಗುವುದು ಕ್ಯಾರವಾನ್. ತನ್ನದೇ ಎಂಜಿನ್ ಇರುವುದು ಕ್ಯಾಂಪರ್‌ವ್ಯಾನ್. ನಮ್ಮಲ್ಲಿ ಎರಡಕ್ಕೂ ಕ್ಯಾರವಾನ್ ಎಂದೇ ಅನ್ನುತ್ತಾರೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಶುರು ಮಾಡಿದಾಗಲೂ ಆ ಹೆಸರಿನಲ್ಲಿ ಓಡಿದ್ದು ಎಂಜಿನ್ ಇರುವ ಗಾಡಿಗಳೇ. ಹಾಗಾಗಿ ಬಾಡಿಗೆಗೋ ಕೊಳ್ಳಲಿಕ್ಕೋ ಫೋನ್ ಮಾಡಿದಾಗ "ಎಳೆಯುವುದಾ, ಓಡುವುದಾ?" ಎಂದು ಮೊದಲೇ ಕೇಳಿ.

2. ಮಂಚ ಎಣಿಸಬೇಡಿ, ಬೆಲ್ಟ್ ಎಣಿಸಿ

"ಐದು ಜನ ಮಲಗಬಹುದು" ಎಂದು ಮಾರುವವರು ಹೇಳುತ್ತಾರೆ. ಐದು ಜನ ಬೆಲ್ಟ್ ಹಾಕಿಕೊಂಡು ಕೂರಬಹುದಾ ಎಂದು ಕೇಳಿ. ಟಿಟಿ, ಅಂದರೆ ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ಮಾಡಿದಾಗ ಹಿಂದೆ ಅಡ್ಡ ಬೆಂಚು ಹಾಕಿ, ಬೆಲ್ಟ್ ಇಲ್ಲದೆ ಬಿಟ್ಟಿರುತ್ತಾರೆ. ಮಕ್ಕಳನ್ನು ಅಲ್ಲಿ ಕೂರಿಸಿ ಘಾಟಿ ಇಳಿಯಬಾರದು. ಕ್ಯಾರವಾನ್ ಆದರೆ ಈ ತಲೆನೋವಿಲ್ಲ, ಎಲ್ಲರೂ ಕಾರಿನಲ್ಲೇ ಕೂರುತ್ತಾರೆ. ಓಡುತ್ತಿರುವ ಕ್ಯಾರವಾನಿನೊಳಗೆ ಯಾರೂ ಇರಬಾರದು, ಮಲಗಿದ ಮಗು ಕೂಡ.

ವಯಸ್ಸಾದವರು ಜೊತೆಗಿದ್ದರೆ ಲೆಕ್ಕ ಬೇರೆ. ನನ್ನ ಅತ್ತೆಗೆ ಗಂಟೆಗೊಮ್ಮೆ ಕಾಲು ಚಾಚಬೇಕು, ಟಾಯ್ಲೆಟ್ ಹತ್ತಿರ ಇರಬೇಕು. ಕ್ಯಾಂಪರ್‌ವ್ಯಾನ್ ಆದರೆ ರಸ್ತೆ ಬದಿಗೆ ನಿಲ್ಲಿಸಿದರೆ ಸಾಕು, ಮಳೆಯಲ್ಲಿ ಇಳಿಯದೆ ಎಲ್ಲವೂ ಒಳಗೇ ಆಗುತ್ತದೆ.

3. ಹೋಗುವ ದಾರಿ ಬರೆದುಕೊಳ್ಳಿ

ಒಂದೇ ಕಡೆ ನಾಲ್ಕೈದು ದಿನ ಇರುವವರಿಗೆ ಕ್ಯಾರವಾನ್ ಒಳ್ಳೆಯದು. ಅದನ್ನು ಬಿಚ್ಚಿಟ್ಟು ಬರೀ ಕಾರಿನಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಸುತ್ತಬಹುದು. ಮುಳ್ಳಯ್ಯನಗಿರಿಗೂ ಅಷ್ಟೇ. 1,930 ಮೀಟರ್ ಎತ್ತರದ ಆ ಗಿರಿಯ ಕೊನೆಯ ರಸ್ತೆಯಲ್ಲಿ ಎರಡು ಕಾರು ಎದುರಾದರೇ ಉಸಿರು ಬಿಗಿಹಿಡಿಯಬೇಕು. ಮಲಗುವ ಗಾಡಿ ಯಾವುದೇ ಇರಲಿ, ಅಲ್ಲಿಗೆ ಒಯ್ಯಬೇಡಿ. ಕ್ಯಾಂಪರ್‌ವ್ಯಾನ್ ತಂದವರು ಅದನ್ನು ಚಿಕ್ಕಮಗಳೂರಿನಲ್ಲೇ ಬಿಟ್ಟು ಬಾಡಿಗೆ ಜೀಪು ಹಿಡಿಯಲಿ.

ದಿನಕ್ಕೊಂದು ಊರು ಎನ್ನುವವರಿಗೆ ಕ್ಯಾಂಪರ್‌ವ್ಯಾನೇ ಸರಿ. ಇವತ್ತು ಸಕಲೇಶಪುರ, ನಾಳೆ ಕೊಟ್ಟಿಗೆಹಾರ, ನಾಡಿದ್ದು ಧರ್ಮಸ್ಥಳ ಎಂದರೆ ದಿನಾ ಬಿಚ್ಚಿ ಕಟ್ಟುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ ಘಾಟಿಯಲ್ಲಿ ಏನನ್ನೂ ಎಳೆದುಕೊಂಡು ಹೋಗಬೇಡಿ. 2019ರ ಮಳೆಯಲ್ಲಿ ಗುಡ್ಡ ಕುಸಿದು ಆ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು. ಮಂಜು ಕವಿದ ತಿರುವಿನಲ್ಲಿ "ವಾಪಸ್ ಹೋಗಿ" ಎಂದರೆ ಕ್ಯಾರವಾನ್ ತಿರುಗಿಸಲು ಜಾಗ ಎಲ್ಲಿದೆ?

ನನ್ನನ್ನು ಕೇಳಿದರೆ, ನಮ್ಮ ಮಲೆನಾಡು ಸುತ್ತುವ ಕುಟುಂಬಕ್ಕೆ ಕ್ಯಾಂಪರ್‌ವ್ಯಾನ್. ಅದೂ ಗಿಡ್ಡದು. ಉದ್ದದ ಟಿಟಿಯಲ್ಲಿ ಒಂದು ಮಂಚ ಜಾಸ್ತಿ ಸಿಗುತ್ತದೆ, ಆದರೆ ತೋಟದ ಗೇಟಿನಲ್ಲಿ ಸಿಕ್ಕಿಕೊಳ್ಳುತ್ತದೆ.

4. ತೂಕ

ಎಲ್ಲರೂ ಹಾರಿಸುವ ಹಂತ ಇದು. ದಯವಿಟ್ಟು ನಿಧಾನವಾಗಿ ಓದಿ.

ಮೊದಲು ಕಾರಿನ ಕೈಪಿಡಿ ತೆಗೆಯಿರಿ. ಎಷ್ಟು ತೂಕ ಎಳೆಯಬಹುದು ಎಂದು ಅದರಲ್ಲಿ ಬರೆದಿರಬೇಕು. ಬರೆದಿಲ್ಲ ಅಥವಾ ಎಳೆಯಬಾರದು ಎಂದಿದ್ದರೆ ಕ್ಯಾರವಾನಿನ ಮಾತು ಅಲ್ಲಿಗೇ ಮುಗಿಯಿತು. "ನಾವು ಹುಕ್ಕು ಹಾಕಿಕೊಡ್ತೀವಿ ಬಿಡಿ" ಎನ್ನುವವರ ಮಾತು ಕೇಳಬೇಡಿ. ಬಂಪರಿಗೆ ವೆಲ್ಡಿಂಗ್ ಮಾಡಿದ ಹುಕ್ಕು ಕಾರಿನ ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ, ಕೂತಿರುವುದಿಲ್ಲ. ಒಂದು ಹುಕ್ಕು ಬುಡದಲ್ಲೇ ಬಿರುಕು ಬಿಟ್ಟಿದ್ದನ್ನು ನಮ್ಮ ಕಣದಲ್ಲೇ ನೋಡಿದ್ದೇನೆ.

ಬರೆದಿದ್ದರೂ ಕೊನೆಯ ಅಂಚಿನವರೆಗೆ ಹೋಗಬೇಡಿ. ಹೊಸದಾಗಿ ಎಳೆಯುವವರಿಗೆ ಬ್ರಿಟನ್ನಿನಲ್ಲಿ ಒಂದು ಲೆಕ್ಕ ಹೇಳುತ್ತಾರೆ. ಸಾಮಾನು ತುಂಬಿದ ಕ್ಯಾರವಾನಿನ ತೂಕ ಖಾಲಿ ಕಾರಿನ ತೂಕದ 85% ದಾಟಬಾರದು. ಕಾರು 1,800 ಕೆಜಿ ಇದ್ದರೆ ಕ್ಯಾರವಾನ್ 1,530 ಕೆಜಿ ಒಳಗಿರಬೇಕು. ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಇದ್ದರೆ ಕೈಪಿಡಿಯದೇ ಕೊನೆಯ ಮಾತು. ಘಾಟಿಗೆ ಹೋಗುವವರು ಇನ್ನೂ ಕಡಿಮೆ ಮಾಡಿ. ಇಳಿಜಾರಿನಲ್ಲಿ ಹಿಂದಿನ ಭಾರ ಕಾರನ್ನೇ ತಳ್ಳುತ್ತದೆ, ಅಲ್ವಾ?

ಮಾರುವವರು ಹೇಳುವ ತೂಕ ಖಾಲಿ ಗಾಡಿಯದು. ಖಾಲಿ ಗಾಡಿಯಲ್ಲಿ ಯಾರು ಪ್ರವಾಸ ಹೋಗುತ್ತಾರೆ? 900 ಕೆಜಿ ಎಂದಿದ್ದಾರೆ ಎಂದುಕೊಳ್ಳಿ. ಒಂದು ಲೀಟರ್ ನೀರು ಒಂದು ಕೆಜಿ, 80 ಲೀಟರ್ ಟ್ಯಾಂಕ್ ತುಂಬಿದರೆ 80. ದೊಡ್ಡ ಆಸಿಡ್ ಬ್ಯಾಟರಿ 55. ಚಿಕ್ಕ ಗ್ಯಾಸ್ ಸಿಲಿಂಡರ್ 13. ಹಾಸಿಗೆ, ಕಂಬಳಿ, ಬಟ್ಟೆ 60. ಪಾತ್ರೆ, ಅಕ್ಕಿ, ತರಕಾರಿ 40. ಕುರ್ಚಿ, ಟಾರ್ಪಾಲು, ಮಡಚುವ ಮೇಜು 35. ಇಷ್ಟಕ್ಕೇ 283 ಕೆಜಿ ಸೇರಿ ಗಾಡಿ 1,183ಕ್ಕೆ ಬಂತು. ಈ ಲೆಕ್ಕವನ್ನು ನಾನು ಪ್ರತಿಯೊಬ್ಬರ ಹತ್ತಿರವೂ ಕಾಗದದ ಮೇಲೆ ಬರೆಸುತ್ತೇನೆ.

ಆಮೇಲೆ ವೇಬ್ರಿಡ್ಜಿಗೆ ಹೋಗಿ. ಶುಂಠಿ, ಆಲೂಗಡ್ಡೆ, ಕಾಫಿ ಲೋಡು ತೂಗುವ ಜಾಗ ಹಾಸನ, ಬೇಲೂರು, ಚಿಕ್ಕಮಗಳೂರು ಎಲ್ಲ ಕಡೆಯೂ ಇದೆ. ಪ್ರವಾಸಕ್ಕೆ ಹೊರಡುವಂತೆಯೇ ಎಲ್ಲ ತುಂಬಿಕೊಂಡು ಹೋಗಿ. ಕ್ಯಾರವಾನನ್ನು ಕಾರಿನಿಂದ ಬಿಚ್ಚಿ ಅದೊಂದನ್ನೇ ತೂಗಿಸಿ, ಚೀಟಿ ತೆಗೆದುಕೊಳ್ಳಿ. ಕ್ಯಾಂಪರ್‌ವ್ಯಾನ್ ಆದರೆ ಮನೆಯವರೆಲ್ಲ ಒಳಗಿರುವಾಗ ಎರಡು ಸಲ ತೂಗಿಸಿ. ಒಮ್ಮೆ ಪೂರ್ತಿ ಗಾಡಿ, ಇನ್ನೊಮ್ಮೆ ಹಿಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ. ಕಂಪನಿ ಅಂಟಿಸಿದ ಫಲಕದಲ್ಲಿ ಒಟ್ಟು ತೂಕ ಮತ್ತು ಆಕ್ಸಲ್, ಅಂದರೆ ಚಕ್ರದ ಅಚ್ಚಿನ ಮೇಲೆ ಬೀಳುವ ತೂಕದ ಮಿತಿ ಇರುತ್ತದೆ. ಒಟ್ಟು ಮಿತಿಯೊಳಗಿದ್ದು ಹಿಂದಿನ ಆಕ್ಸಲ್ ಮಾತ್ರ ಮಿತಿ ಮೀರಿರುವುದು ಮಾಮೂಲು. ನೀರಿನ ಟ್ಯಾಂಕು, ಟಾಯ್ಲೆಟ್, ಬ್ಯಾಟರಿ ಎಲ್ಲವನ್ನೂ ಹಿಂದಕ್ಕೆ ತಳ್ಳಿ ಕಟ್ಟಿದ ಗಾಡಿಗಳೇ ಜಾಸ್ತಿ.

ಈಗ ಮೂಕಿಯ ವಿಷಯ. ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಹಿಂದೆ ಜಾಸ್ತಿಯಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಮುಂದೆ ಜಾಸ್ತಿಯಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಕ್ಯಾರವಾನ್ ಕೂಡ ಹಾಗೆಯೇ. ಹಿಂಭಾರವಾದರೆ ವೇಗದಲ್ಲಿ ಬಾಲ ಆಡಿಸುತ್ತದೆ. ಮುಂಭಾರ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಕೊಂಡಿಯ ಮೇಲೆ ಬೀಳುವ ಭಾರ ಯುರೋಪಿನ ಕ್ಯಾರವಾನ್‌ಗಳಲ್ಲಿ ತುಂಬಿದ ತೂಕದ 5ರಿಂದ 7% ಇರಬೇಕು ಎನ್ನುತ್ತಾರೆ. ಅಮೆರಿಕದಲ್ಲಿ 10ರಿಂದ 15%. ನಿಮ್ಮ ಕ್ಯಾರವಾನ್ ತಯಾರಿಸಿದವರು ಯಾವುದು ಹೇಳಿದ್ದಾರೋ ಅದನ್ನೇ ಹಿಡಿಯಿರಿ. ಆದರೆ ಕಾರು ಮತ್ತು ಕೊಂಡಿಗೆ ಹೇಳಿದ ಮಿತಿ ದಾಟಬಾರದು. ನಮ್ಮ 1,183 ಕೆಜಿ ಗಾಡಿಗೆ ಯುರೋಪಿನ ಲೆಕ್ಕದಲ್ಲಿ 59ರಿಂದ 83 ಕೆಜಿ.

ಇದನ್ನು ಅಳೆಯಲು ಮನೆಯಲ್ಲಿ ಮನುಷ್ಯರ ತೂಕ ನೋಡುವ ಯಂತ್ರವೇ ಸಾಕು. ಸಮತಟ್ಟಾದ ಜಾಗದಲ್ಲಿ ಕ್ಯಾರವಾನಿನ ಎರಡೂ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ಮೂತಿಯ ಕೆಳಗೆ ಯಂತ್ರ ಇಡಿ. ಅದರ ಮೇಲೆ ಗಟ್ಟಿ ಮರದ ತುಂಡನ್ನು ನೆಟ್ಟಗೆ ನಿಲ್ಲಿಸಿ. ಮೂತಿ ಕಾರಿಗೆ ಸಿಕ್ಕಿಸಿದಾಗ ಎಷ್ಟು ಎತ್ತರದಲ್ಲಿ ಇರುತ್ತದೋ, ಯಂತ್ರವೂ ತುಂಡೂ ಸೇರಿ ಅಷ್ಟೇ ಎತ್ತರ ಬರುವಂತೆ ತುಂಡು ಕತ್ತರಿಸಿರಬೇಕು. ಈಗ ಮುಂದಿನ ಚಿಕ್ಕ ಚಕ್ರವನ್ನು ಮೇಲೆತ್ತಿ, ಭಾರವೆಲ್ಲ ಮರದ ಮೇಲೆ ಬರಲಿ. ಯಂತ್ರ ತೋರಿಸುವುದೇ ಮೂತಿಯ ಭಾರ. ಕಡಿಮೆ ಬಂದರೆ ಹಿಂದಿನ ಸಾಮಾನನ್ನು ಆಕ್ಸಲ್ಲಿನ ಹತ್ತಿರ ತನ್ನಿ, ಮತ್ತೆ ತೂಗಿ. ಭಾರದ ಸಾಮಾನು ಯಾವಾಗಲೂ ಆಕ್ಸಲ್ಲಿನ ಮೇಲೆ, ನೆಲಮಟ್ಟದಲ್ಲಿ. ಮೇಲಿನ ಕಪಾಟಿನಲ್ಲಿ ಬಟ್ಟೆ, ದಿಂಬು ಅಷ್ಟೇ.

ಆ ಕುಟುಂಬದ ಕ್ಯಾರವಾನಿನಲ್ಲಿ ಹೀಗೇ ತೂಗಿದಾಗ ಬಂದಿದ್ದು 20 ಕೆಜಿ. ಹಿಂದಿನ ಕಪಾಟಿನಲ್ಲಿ ನೀರಿನ ಕ್ಯಾನು, ಮೂಟೆ ಅಕ್ಕಿ, ಇನ್ವರ್ಟರ್ ಬ್ಯಾಟರಿ ಎಲ್ಲ ಒಟ್ಟಿಗೆ ಇದ್ದವು. ಜಾಗ ಬದಲಿಸಿ ಮತ್ತೆ ತೂಗಿದೆವು, 65 ಬಂತು. ಮರುದಿನ ಬೇಲೂರಿನಿಂದ ಫೋನ್ ಮಾಡಿ "ಅಕ್ಕ, ಈಗ ಗಾಡಿ ಹಿಂದೆ ಇದೆ ಅಂತಲೇ ಗೊತ್ತಾಗ್ತಿಲ್ಲ" ಎಂದಳು.

ಓಡಿಸುವಾಗ ಬಾಲ ಆಡಲು ಶುರುವಾದರೆ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ. ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ತಾನಾಗಿ ನಿಲ್ಲುತ್ತದೆ.

5. ರಿವರ್ಸ್ ಬರುತ್ತಾ?

ಕ್ಯಾರವಾನ್ ಬೇಕೇ ಬೇಕು ಎನ್ನುವವರು ದುಡ್ಡು ಕೊಡುವ ಮೊದಲು ಖಾಲಿ ಮೈದಾನದಲ್ಲಿ ಒಂದು ಗಂಟೆ ಹಿಂದಕ್ಕೆ ಓಡಿಸಿ ನೋಡಿ. ಹಿಂದಿನ ಗಾಡಿ ಸ್ಟಿಯರಿಂಗಿಗೆ ಉಲ್ಟಾ ತಿರುಗುತ್ತದೆ. ಸುಲಭದ ಉಪಾಯ ಎಂದರೆ ಸ್ಟಿಯರಿಂಗಿನ ಕೆಳಭಾಗ ಹಿಡಿಯುವುದು. ಕ್ಯಾರವಾನ್ ಎಡಕ್ಕೆ ಹೋಗಬೇಕಾದರೆ ಕೈಯನ್ನು ಎಡಕ್ಕೆ ತನ್ನಿ. ಸ್ವಲ್ಪ ಸ್ವಲ್ಪವೇ ತಿರುಗಿಸಿ. ತೋಟದ ಟ್ರಾಕ್ಟರ್ ಡ್ರೈವರುಗಳಿಗೆ ಇದು ನೀರು ಕುಡಿದ ಹಾಗೆ, ಅವರ ಹತ್ತಿರ ಒಂದು ಬೆಳಿಗ್ಗೆ ಕಲಿಯಿರಿ.

6. ನೀರು, ಕರೆಂಟು, ಟಾಯ್ಲೆಟ್

12 ವೋಲ್ಟಿನ 100 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ ಇರುವುದು 1,200 ವಾಟ್ ಅವರ್. ಆಸಿಡ್ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸಬೇಕು. ಫ್ಯಾನು, ಲೈಟು, ಫೋನಿಗೆ ಧಾರಾಳ. ಸಾವಿರ ವಾಟಿನ ಎಸಿ ಹಾಕಿದರೆ ಅರ್ಧ ಗಂಟೆ ದಾಟುವಷ್ಟರಲ್ಲಿ ಖಾಲಿ. "ಬ್ಯಾಟರಿಯಲ್ಲೇ ರಾತ್ರಿಯಿಡೀ ಎಸಿ" ಎಂದು ಹೇಳುವವರಿಗೆ ಬ್ಯಾಟರಿ ಎಷ್ಟು ಎಂದು ಕೇಳಿ. ನಮ್ಮ ಕಡೆ ಕಿಟಕಿಗೆ ಸೊಳ್ಳೆಪರದೆ ಇದ್ದರೆ ಸಾಕು.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಹಾಗಾಗಿ ನೆಲಮಟ್ಟದಲ್ಲಿ ಗಾಳಿಕಂಡಿ ಇಲ್ಲದ ಗಾಡಿ ಬೇಡವೇ ಬೇಡ. ಚಳಿ ಎಂದು ಬಾಗಿಲು ಮುಚ್ಚಿ ಒಲೆ ಹಚ್ಚಬೇಡಿ, ಜನರೇಟರ್ ಒಳಗಾಗಲೀ ಕಿಟಕಿಯ ಹತ್ತಿರವಾಗಲೀ ಇಡಬೇಡಿ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಟಾಯ್ಲೆಟ್ ಡಬ್ಬಿಯನ್ನು ಹಳ್ಳಕ್ಕೆ ಸುರಿಯುವವರನ್ನು ನೋಡಿ ತುಂಬಾ ಬೇಸರವಾಗಿದೆ. ಹೇಮಾವತಿಗೆ, ಭದ್ರೆಗೆ ಸೇರುವ ನೀರು ಅದು. ತಂಗಿದ ಮನೆಯವರನ್ನು ಕೇಳಿ ಅವರ ಟಾಯ್ಲೆಟ್ಟಿನಲ್ಲೇ ಸುರಿಯಿರಿ.

7. ಕಾಗದಪತ್ರ

ಆರ್‌ಸಿಯಲ್ಲಿ ವಾಹನದ ವರ್ಗ ನೋಡಿ. ಮೋಟಾರ್ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಎಂದಿರಬೇಕು. ಸೀಟು ಕಿತ್ತು ಮಂಚ ಜೋಡಿಸಿ, ಆರ್‌ಸಿ ಹಾಗೇ ಬಿಟ್ಟ ಗಾಡಿ ಅಗ್ಗಕ್ಕೆ ಸಿಗುತ್ತದೆ, ಮುಟ್ಟಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ನಾಳೆ ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಇದನ್ನೇ. ಕ್ಯಾರವಾನಿಗೂ ಪ್ರತ್ಯೇಕ ನೋಂದಣಿ ಬೇಕು. ಒಟ್ಟು ತೂಕ 7,500 ಕೆಜಿ ಒಳಗಿನ ಕ್ಯಾಂಪರ್‌ವ್ಯಾನಿಗೆ ಕಾರಿನ ಲೈಸೆನ್ಸ್ ಸಾಕು.

ಹಳೆಯ ಕ್ಯಾರವಾನ್ ಕೊಳ್ಳುವುದಾದರೆ ಟೈರಿನ ಮೇಲಿನ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ನಿಂತೇ ಇದ್ದ ಗಾಡಿಯ ಟೈರು ಸವೆದಿರುವುದಿಲ್ಲ, ಆದರೆ ಪಕ್ಕದಲ್ಲಿ ಬಿರುಕು ಬಿಟ್ಟಿರುತ್ತದೆ. ಹೊಸದರಂತೆ ಕಂಡರೂ ನಂಬಬೇಡಿ.

8. ಎರಡು ರಾತ್ರಿ ಬಾಡಿಗೆಗೆ ತನ್ನಿ

ಕೊಳ್ಳುವ ಮೊದಲು ಎರಡು ರಾತ್ರಿ ಬಾಡಿಗೆ. ಮೊದಲ ರಾತ್ರಿ ನಿಮ್ಮ ಮನೆಯ ಅಂಗಳದಲ್ಲೇ ನಿಲ್ಲಿಸಿ ಮಲಗಿ. ಅಡುಗೆ ಅಲ್ಲೇ, ಸ್ನಾನ ಅಲ್ಲೇ, ಮನೆಯೊಳಗೆ ಹೋಗಬಾರದು. ಎರಡನೇ ರಾತ್ರಿ ಐವತ್ತು ಕಿಲೋಮೀಟರ್ ಒಳಗಿನ ಊರಿಗೆ ಹೋಗಿ. ಹಾಸನದವರಾದರೆ ಬೇಲೂರು ಸಾಕು. ಹೊರಡುವ ಮೊದಲು ಮೇಲಿನ ಎಸಿ, ಸೋಲಾರ್ ಸೇರಿಸಿ ಗಾಡಿಯ ಎತ್ತರ ಅಳೆದು, ಚೀಟಿ ಬರೆದು ಡ್ರೈವರ್ ಕಣ್ಣಿಗೆ ಕಾಣುವಂತೆ ಅಂಟಿಸಿ. ರೈಲ್ವೆ ಅಂಡರ್‌ಪಾಸ್ ಬಂದಾಗ ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ.

ವೇಬ್ರಿಡ್ಜಿನ ಚೀಟಿಯನ್ನೂ ಅದರ ಪಕ್ಕದಲ್ಲೇ ಇಡಿ. ಮುಂದಿನ ಪ್ರವಾಸಕ್ಕೆ ಮಕ್ಕಳು ಇನ್ನೊಂದು ಸೈಕಲ್ ಹಾಕೋಣ ಎಂದಾಗ ಮೊದಲು ತೆಗೆದು ನೋಡಬೇಕಾದ ಕಾಗದ ಅದು.