ಫ್ಲೇಮ್ ಡಿಟೆಕ್ಟರ್‌ಗೆ ಮಾಡ್‌ಬಸ್ ಜೋಡಿಸುವುದು ಹೇಗೆ?

ಫ್ಲೇಮ್ ಡಿಟೆಕ್ಟರ್ ಹೊಗೆ ಬರಲಿ ಎಂದು ಕಾಯುವುದಿಲ್ಲ. ನೇರವಾಗಿ ಜ್ವಾಲೆಯನ್ನೇ ನೋಡುತ್ತದೆ. ಗ್ಯಾಸ್, ಪೆಟ್ರೋಲ್ ಉರಿದಾಗ ಹುಟ್ಟುವ ಬಿಸಿ ಕಾರ್ಬನ್ ಡೈಆಕ್ಸೈಡ್ ಸುಮಾರು 4.3 ಮೈಕ್ರಾನ್‌ನ ಇನ್‌ಫ್ರಾರೆಡ್ ಕಿರಣ ಸೂಸುತ್ತದೆ. ಇನ್‌ಫ್ರಾರೆಡ್ ಡಿಟೆಕ್ಟರ್‌ಗಳು ಹೆಚ್ಚಾಗಿ ಹುಡುಕುವುದು ಇದನ್ನೇ. ಆದರೆ ಅದರ ರಿಲೇ, ಅಂದರೆ ಒಳಗಿರುವ ಅಲಾರಂ ಸ್ವಿಚ್, ಹೇಳುವುದು ಎರಡೇ ಮಾತು: ಬೆಂಕಿ ಇದೆ, ಇಲ್ಲವೇ ನನಗೇ ಏನೋ ಆಗಿದೆ. ಗಾಜು ಕೊಳೆಯಾಗಿದೆಯಾ, ವೋಲ್ಟೇಜ್ ಇಳಿದಿದೆಯಾ ಎಂಬ ವಿವರ ಕಂಟ್ರೋಲ್ ರೂಮಿನಲ್ಲೇ ಕೂತು ತಿಳಿಯಬೇಕಾದರೆ ಡಿಜಿಟಲ್ ಸಂಪರ್ಕ ಬೇಕು. ಇಲ್ಲಿ ಹೇಳುತ್ತಿರುವುದು ಆರ್‌ಎಸ್-485 ಎಂಬ ಜೋಡಿ ವೈರಿನ ಡೇಟಾ ಲೈನ್ ಮೇಲೆ ಓಡುವ ಮಾಡ್‌ಬಸ್ ಬಗ್ಗೆ, ಅಂದರೆ ಉಪಕರಣಗಳು ಒಂದನ್ನೊಂದು ವಿವರ ಕೇಳಿ ತಿಳಿಯುವ ಡಿಜಿಟಲ್ ಭಾಷೆಯ ಬಗ್ಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾಡ್‌ಬಸ್ ಬಂತು ಎಂದು ಅಲಾರಂ ರಿಲೇಯ ವೈರನ್ನು ತೆಗೆಯಬೇಡಿ. ಬೆಂಕಿಯ ಸುದ್ದಿ ರಿಲೇ ಅಥವಾ 4–20 ಮಿಲಿಆಂಪಿಯರ್ ಕರೆಂಟ್ ಸಿಗ್ನಲ್‌ನ ದಾರಿಯಲ್ಲೇ ಹೋಗಲಿ. ಮಾಡ್‌ಬಸ್ ವಿವರ ತಿಳಿಯುವುದಕ್ಕೆ ಇರಲಿ.

ಮುಚ್ಚಳ ತೆಗೆಯುವ ಮೊದಲು

ಡಿಟೆಕ್ಟರ್ ಇರುವ ಜಾಗದಲ್ಲಿ ಗ್ಯಾಸ್ ಇರಬಹುದು. ವರ್ಕ್ ಪರ್ಮಿಟ್ ಪಡೆದು, ಪವರ್ ತೆಗೆದ ಮೇಲೆಯೇ ಮುಚ್ಚಳ ಬಿಚ್ಚಿ. ಬೆಂಕಿ ಆರಿಸುವ ವ್ಯವಸ್ಥೆ ಇದಕ್ಕೆ ಜೋಡಣೆಯಾಗಿದ್ದರೆ ಅದನ್ನು ಬೈಪಾಸ್ ಮಾಡಿಸಿ, ಅಂದರೆ ಅಲಾರಂ ಬಂದರೂ ಅದು ಓಡದಂತೆ ತಾತ್ಕಾಲಿಕವಾಗಿ ತಡೆಸಿ. ಕೆಲಸ ಮಾಡುವಾಗ ಸುಮ್ನೆ ಒಂದು ಅಲಾರಂ ಬಂದರೂ ಸಾಕು, ನೀರೋ ಫೋಮೋ ಸುರಿದುಬಿಡಬಹುದು.

ಪವರ್ ಲೆಕ್ಕ

ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. 1.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೆಸಿಸ್ಟೆನ್ಸ್. ಡಿಟೆಕ್ಟರ್ 500 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ವೈರ್ ಸೇರಿ ಒಂದು ಕಿಲೋಮೀಟರ್. ಕೊನೆಯಲ್ಲಿ ನಾಲ್ಕು ಡಿಟೆಕ್ಟರ್ ಇವೆ, ಒಂದೊಂದೂ 0.15 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 0.6 ಆಂಪಿಯರ್, ದಾರಿಯಲ್ಲೇ 7.2 ವೋಲ್ಟ್ ಹೋಯಿತು. 24 ವೋಲ್ಟ್ ಕೊಟ್ಟರೂ ಅಲ್ಲಿಗೆ ತಲುಪುವುದು 16.8 ಮಾತ್ರ. ಕನಿಷ್ಠ 18 ವೋಲ್ಟ್ ಬೇಡುವ ಡಿಟೆಕ್ಟರ್ ಆದರೆ ಇಷ್ಟು ಸಾಲದು. ಹೀಟರ್ ಇರುವ ಮಾದರಿಯಾದರೆ ಹೀಟರ್ ಆನ್ ಆದಾಗಿನ ಕರೆಂಟನ್ನೇ ಲೆಕ್ಕಕ್ಕೆ ಹಿಡಿಯಿರಿ. ದಪ್ಪ ವೈರ್ ಹಾಕುವುದು ಇಲ್ಲಿ ದುಂದು ಅಲ್ಲ.

ಡೇಟಾ ಕೇಬಲ್

ಶೀಲ್ಡ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ) ಇರುವ, ಒಂದಕ್ಕೊಂದು ಹೆಣೆದ ಜೋಡಿ ವೈರ್ ಬೇಕು. ಒಂದು ಡಿಟೆಕ್ಟರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮುಂದಿನದಕ್ಕೆ ಸರಪಳಿಯ ಹಾಗೆ ಎಳೆಯಿರಿ. ನಡುವೆ ಜಂಕ್ಷನ್ ಬಾಕ್ಸ್ ಇಟ್ಟು ನಾಲ್ಕು ದಿಕ್ಕಿಗೆ ಕವಲು ತೆಗೆದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬರುತ್ತದೆ, ಡೇಟಾ ಕೆಡುತ್ತದೆ. ಕಡಿಮೆ ವೇಗದಲ್ಲಿ ಒಟ್ಟು ಉದ್ದ 1200 ಮೀಟರ್ ತನಕ ನಡೆಯುತ್ತದೆ. ಶೀಲ್ಡನ್ನು ಒಂದೇ ತುದಿಯಲ್ಲಿ, ಸಾಮಾನ್ಯವಾಗಿ ಪ್ಯಾನೆಲ್ ಕಡೆ, ಅರ್ಥ್ ಮಾಡಿ. ನಡುವಿನ ಡಿಟೆಕ್ಟರ್‌ಗಳಲ್ಲಿ ಶೀಲ್ಡನ್ನು ಮುಂದಿನ ಶೀಲ್ಡಿಗೆ ಸೇರಿಸಿ ಟೇಪ್ ಸುತ್ತಿ. ಅದು ಬಾಡಿಗೆ ತಾಗಬಾರದು.

ಸರಪಳಿಯ ಎರಡು ತುದಿಗೆ ಮಾತ್ರ 120 ಓಮ್ ರೆಸಿಸ್ಟರ್. ಇದು ಸರಿಯಾಗಿದೆಯಾ ಎಂದು ತಿಳಿಯಲು ನನಗೆ ತುಂಬಾ ಇಷ್ಟವಾದ ಪರೀಕ್ಷೆಯೊಂದಿದೆ. ಪವರ್ ಆಫ್ ಮಾಡಿ, ಡೇಟಾ ಜೋಡಿಯ ಎ ಮತ್ತು ಬಿ ವೈರ್‌ಗಳ ನಡುವೆ ಮಲ್ಟಿಮೀಟರ್ ಇಡಿ. ಸುಮಾರು 60 ಓಮ್ ತೋರಿಸಿದರೆ ಎರಡೂ ತುದಿ ಸರಿಯಾಗಿವೆ. 120 ಬಂದರೆ ಒಂದು ರೆಸಿಸ್ಟರ್ ಇಲ್ಲ, ಅಥವಾ ನಡುವೆ ವೈರ್ ತುಂಡಾಗಿದೆ. 40 ಬಂದರೆ ಯಾರೋ ಮೂರನೆಯದನ್ನೂ ಹಾಕಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಎರಡು ನಿಮಿಷದ ಈ ಕೆಲಸ ದಿನಗಟ್ಟಲೆ ತಲೆನೋವನ್ನು ಉಳಿಸುತ್ತದೆ.

ಅಡ್ರೆಸ್ ಮತ್ತು ಸೆಟ್ಟಿಂಗ್

ಎಲ್ಲವನ್ನೂ ಒಟ್ಟಿಗೆ ಆನ್ ಮಾಡಬೇಡಿ. ಹೊಸ ಡಿಟೆಕ್ಟರ್‌ಗಳು ಒಂದೇ ಅಡ್ರೆಸ್‌ನಲ್ಲಿ ಬಂದಿರಬಹುದು. ಆಗ ಎರಡೂ ಒಟ್ಟಿಗೆ ಉತ್ತರ ಕೊಟ್ಟು ಯಾರ ಮಾತೂ ಅರ್ಥವಾಗುವುದಿಲ್ಲ. ಒಂದೊಂದಾಗಿ ಜೋಡಿಸಿ, 1ರಿಂದ 247ರ ಒಳಗೆ ಬೇರೆ ಬೇರೆ ಅಡ್ರೆಸ್ ಕೊಡಿ, ಅದನ್ನು ಬಾಡಿಯ ಮೇಲಿನ ಟ್ಯಾಗ್‌ನಲ್ಲೂ ಬರೆಯಿರಿ. ವೇಗ, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಸ್ಟಾಪ್ ಬಿಟ್ (ಪ್ರತಿ ಅಕ್ಷರದ ಕೊನೆ ಸೂಚಿಸುವ ಬಿಟ್) ಡಿಟೆಕ್ಟರ್ ಮತ್ತು ಕಂಟ್ರೋಲ್ ರೂಮ್ ಎರಡೂ ಕಡೆ ಒಂದೇ ಇರಬೇಕು. ವೇಗ ಸೆಕೆಂಡಿಗೆ 9600 ಬಿಟ್ ಸಾಕು. ಅವಸರದ ವೇಗ ಇಲ್ಲಿ ಯಾರಿಗೂ ಬೇಕಿಲ್ಲ.

ಉತ್ತರವೇ ಬರದಿದ್ದರೆ ಎ ಮತ್ತು ಬಿ ಅದಲುಬದಲು ಮಾಡಿ ನೋಡಿ. ತಯಾರಕರು ಈ ಹೆಸರುಗಳನ್ನು ಉಲ್ಟಾ ಬಳಸುವುದುಂಟು. ವೈರ್ ತಿರುಗಿಸಿದರೆ ಏನೂ ಸುಡುವುದಿಲ್ಲ. ಉತ್ತರ ಬಂದರೂ ಅಂಕಿಗೆ ಅರ್ಥವಿಲ್ಲದಿದ್ದರೆ ರಿಜಿಸ್ಟರ್, ಅಂದರೆ ಡಿಟೆಕ್ಟರ್ ತನ್ನ ಅಂಕಿಗಳನ್ನು ಇಡುವ ನಂಬರಿನ ಜಾಗ, ಒಂದು ಮನೆ ಆಚೀಚೆ ಆಗಿರಬಹುದು. ಕೈಪಿಡಿಯಲ್ಲಿ 40001 ಎಂದಿರುವುದು ಸಂದೇಶದಲ್ಲಿ ಸೊನ್ನೆಯಾಗಿ ಹೋಗುತ್ತದೆ.

ಕೊನೆಯ ಪರೀಕ್ಷೆ

ಬೈಪಾಸ್ ಇನ್ನೂ ಇದೆ ಎಂದು ಖಚಿತ ಮಾಡಿಕೊಂಡು, ಆ ಮಾದರಿಗೆ ಹೇಳಿರುವ ಟೆಸ್ಟ್ ಲ್ಯಾಂಪನ್ನು ಪ್ರತಿ ಡಿಟೆಕ್ಟರಿಗೂ ಹಿಡಿಯಿರಿ. ರಿಲೇಯ ಅಲಾರಂ ಮತ್ತು ಮಾಡ್‌ಬಸ್ ಸ್ಥಿತಿ ಎರಡೂ ಬದಲಾಗಬೇಕು, ಅದೂ ಸರಿಯಾದ ಟ್ಯಾಗ್ ಹೆಸರಿನಲ್ಲಿ. ಆಮೇಲೆ ಒಂದು ಡಿಟೆಕ್ಟರಿನ ಡೇಟಾ ಸಂಪರ್ಕ ತಪ್ಪಿಸಿ. ಕಂಟ್ರೋಲ್ ರೂಮಿನ ಪರದೆ ಹಳೆಯ "ಎಲ್ಲ ಸರಿ" ಎಂಬ ಸ್ಥಿತಿಯನ್ನೇ ತೋರಿಸುತ್ತಾ ಕೂತರೆ ಕೆಲಸ ಮುಗಿದಿಲ್ಲ. ಸಂಪರ್ಕ ಕಡಿದಿದೆ ಎಂದು ಕೆಲವೇ ಸೆಕೆಂಡಿನಲ್ಲಿ ಅದು ಕೂಗಬೇಕು. ಅದಾದ ಮೇಲೆ ವೈರ್ ಮತ್ತೆ ಸೇರಿಸಿ, ಮುಚ್ಚಳ ಬಿಗಿಯಾಗಿ ಹಾಕಿ, ಬೈಪಾಸ್ ತೆಗೆಸಿ, ಪರ್ಮಿಟ್ ವಾಪಸ್ ಕೊಡಿ.